ಸುಮ್ನೆ ಕೆರೆತ ಅಂತ ಬಿಟ್ಟರೆ

ರಾತ್ರಿ ಹನ್ನೊಂದಾದರೆ ಸಾಕು, ಬೆರಳ ಸಂದಿಯಲ್ಲಿ ಶುರುವಾಗುತ್ತಿತ್ತು. ಆಮೇಲೆ ಮಣಿಕಟ್ಟು, ಕಂಕುಳು, ಸೊಂಟ. ಹಗಲು ಹೇಗೋ ಕಳೆಯುತ್ತಿತ್ತು, ಹೊದ್ದು ಮಲಗಿ ಮೈ ಬೆಚ್ಚಗಾದ ಕೂಡಲೇ ನವೆ. ಮೂರು ತಿಂಗಳು ಹೀಗೆ ಕೆರೆದುಕೊಂಡೇ ಕಳೆದೆ. ಮೊದಲು ನೋಡಿದ ಡಾಕ್ಟರು ಅಲರ್ಜಿ ಅಂದು ಸ್ಟೀರಾಯ್ಡ್ ಮುಲಾಮು ಬರೆದುಕೊಟ್ಟರು. ಹಚ್ಚಿದ ನಾಲ್ಕು ದಿನ ಸ್ವರ್ಗ, ಐದನೇ ದಿನ ಮತ್ತೆ ಅದೇ ಕಥೆ. ಎರಡನೆಯವರು ಇಸುಬು ಅಂದರು. ಮೂರನೆಯವರು ಬೆರಳ ಸಂದಿಯನ್ನು ಭೂತಗನ್ನಡಿಯಲ್ಲಿ ನೋಡಿ ಒಂದೇ ಪ್ರಶ್ನೆ ಕೇಳಿದರು. "ಮನೆಯಲ್ಲಿ ಇನ್ಯಾರಿಗೆ ತುರಿಕೆ ಇದೆ?"

ಹೆಂಡತಿಗಿತ್ತು. ಮಗನಿಗೂ ಇತ್ತು. ನಾಚಿಕೆಗೆ ಯಾರೂ ಬಾಯಿ ಬಿಟ್ಟಿರಲಿಲ್ಲ ಅಷ್ಟೆ.

ಕಜ್ಜಿ ಕಣ್ರೀ. ಬರೆಯೋಕೂ ಸ್ವಲ್ಪ ಮುಜುಗರ ಆಗುತ್ತೆ, ಅದಕ್ಕೇ ಬರೆಯುತ್ತಿದ್ದೇನೆ. ಸಕ್ಕರೆ ಕಾಯಿಲೆ ಇದೆ ಅಂತ ನಾಲ್ಕು ಜನರ ಮುಂದೆ ಆರಾಮಾಗಿ ಹೇಳುವ ನಾವು ಕಜ್ಜಿ ಅನ್ನುವಾಗ ಮಾತ್ರ ದನಿ ತಗ್ಗಿಸುತ್ತೇವೆ. ಕೊಳಕು ಜನರಿಗೆ ಬರುವ ರೋಗ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದು ಸುಳ್ಳು. ಇದನ್ನು ತರುವ ಹುಳ ಅರ್ಧ ಮಿಲಿಮೀಟರೂ ಇಲ್ಲ. ಚರ್ಮದ ಮೇಲ್ಪದರದೊಳಗೆ ಸುರಂಗ ಕೊರೆದುಕೊಂಡು ಅಲ್ಲೇ ಮೊಟ್ಟೆ ಇಡುತ್ತೆ. ದಿನಕ್ಕೆ ಮೂರು ಸಲ ಸೋಪು ಹಾಕಿ ಉಜ್ಜಿದರೂ ಅದರ ಮನೆಬಾಗಿಲು ತಟ್ಟಿದ ಹಾಗೂ ಆಗಲ್ಲ. ಸಾಮಾನ್ಯವಾಗಿ ಒಬ್ಬರ ಮೈಮೇಲೆ ಇರೋದು ಹತ್ತು ಹದಿನೈದು ಹುಳ ಅಷ್ಟೇ. ಅಷ್ಟಕ್ಕೇ ನಮ್ಮ ನಿದ್ದೆ ಹಾರಿಹೋಗುತ್ತೆ, ಯಾಕೆಂದರೆ ತುರಿಕೆ ಬರೋದು ಹುಳ ಕಚ್ಚಿದ್ದಕ್ಕಲ್ಲ, ಹುಳ, ಅದರ ಮೊಟ್ಟೆ, ಅದರ ಹಿಕ್ಕೆ ಇವುಗಳಿಗೆ ಮೈ ತೋರಿಸುವ ಅಲರ್ಜಿಯಿಂದ. ಆ ಅಲರ್ಜಿ ಶುರುವಾಗೋಕೆ ಮೊದಲ ಸಲ ನಾಲ್ಕರಿಂದ ಆರು ವಾರ ಬೇಕು. ಅಂದರೆ ತಿಂಗಳಿಗಿಂತ ಜಾಸ್ತಿ ಕಾಲ ನಮಗೇ ಗೊತ್ತಿಲ್ಲದೆ ಮನೆಮಂದಿಗೆಲ್ಲ ಹಂಚುತ್ತಿರುತ್ತೇವೆ. ಸ್ಟೀರಾಯ್ಡ್ ಮುಲಾಮು ಈ ಅಲರ್ಜಿಯನ್ನು ಅಡಗಿಸುತ್ತೆ, ಹುಳಕ್ಕೆ ಏನೂ ಮಾಡಲ್ಲ. ಮೇಲಾಗಿ ಗುಳ್ಳೆಗಳ ರೂಪವೇ ಬದಲಾಗಿ ಮುಂದಿನ ಡಾಕ್ಟರಿಗೂ ಗುರುತು ಸಿಗದ ಹಾಗೆ ಆಗುತ್ತೆ. ನನ್ನ ಎರಡನೇ ಡಾಕ್ಟರ ಮೇಲಿನ ಸಿಟ್ಟು ಇದನ್ನು ಓದಿದ ಮೇಲೆ ಸ್ವಲ್ಪ ಇಳಿಯಿತು.

ಇಷ್ಟಾದರೂ ಕೆರೆತ ತಾನೇ, ಯಾರೂ ಸಾಯಲ್ಲ ಅಲ್ವಾ? ನಾನೂ ಹಾಗೇ ಅಂದುಕೊಂಡಿದ್ದೆ. ಉಗುರು ತಾಗಿ ಚರ್ಮ ಹರಿದ ಕಡೆ ಬ್ಯಾಕ್ಟೀರಿಯಾ ಒಳಗೆ ಹೋಗುತ್ತೆ, ಮುಖ್ಯವಾಗಿ ಸ್ಟ್ರೆಪ್ಟೊಕಾಕಸ್ ಮತ್ತು ಸ್ಟ್ಯಾಫಿಲೊಕಾಕಸ್. ಹುಳವೇ ಕೆಲವು ಪ್ರೋಟೀನುಗಳನ್ನು ಬಿಟ್ಟು ಅಲ್ಲಿ ನಮ್ಮ ರೋಗನಿರೋಧಕ ಶಕ್ತಿಯ ಕೈ ಕಟ್ಟುತ್ತೆ, ಅದರಿಂದ ಬ್ಯಾಕ್ಟೀರಿಯಾಗೆ ಇನ್ನೂ ಅನುಕೂಲ. ಗಾಯ ಕೀವಾಗುತ್ತೆ. ಕೆಲವು ಮಕ್ಕಳಲ್ಲಿ ಆ ಸ್ಟ್ರೆಪ್ಟೊಕಾಕಸ್ ಸೋಂಕಿನ ಬೆನ್ನಿಗೇ ಕಿಡ್ನಿ ಊದಿಕೊಂಡು ಮೂತ್ರದಲ್ಲಿ ರಕ್ತ ಬರುತ್ತೆ. ಹೃದಯದ ಕವಾಟ ಕೆಡಿಸುವ ರುಮ್ಯಾಟಿಕ್ ಕಾಯಿಲೆಗೂ ಚರ್ಮದ ಸ್ಟ್ರೆಪ್ಟೊಕಾಕಸ್‌ಗೂ ನಂಟಿದೆಯೇ ಅಂತ ಸಂಶೋಧಕರು ಹುಡುಕುತ್ತಿದ್ದಾರೆ. ಬೆರಳ ಸಂದಿಯ ಗುಳ್ಳೆಯಿಂದ ಕಿಡ್ನಿಯವರೆಗೆ ದಾರಿ ಇದೆ ಅಂತ ನನಗೆ ಈ ವಯಸ್ಸಿನವರೆಗೆ ಯಾರೂ ಹೇಳಿರಲಿಲ್ಲ.

ಪೆಸಿಫಿಕ್ ಸಾಗರದ ಸಾಲೊಮನ್ ದ್ವೀಪಗಳಲ್ಲಿ ಇದನ್ನು ಕಣ್ಣಾರೆ ಕಂಡಿದ್ದಾರೆ. ಐದು ಪುಟ್ಟ ದ್ವೀಪಗಳ ಜನರಿಗೆಲ್ಲ ಔಷಧ ಕೊಟ್ಟು ಮೂರು ವರ್ಷ ಬೆನ್ನು ಹತ್ತಿದರು. ಮಕ್ಕಳಲ್ಲಿ ಕಜ್ಜಿ ಶೇಕಡಾ 25ರಿಂದ 1ಕ್ಕಿಂತ ಕೆಳಗೆ ಬಂತು. ಕೀವುಗುಳ್ಳೆ ಕಡಿಮೆಯಾಯಿತು, ಮೂತ್ರದಲ್ಲಿ ರಕ್ತ ಕಾಣಿಸುವ ಮಕ್ಕಳ ಸಂಖ್ಯೆಯೂ ಇಳಿಯಿತು. ಕಿಡ್ನಿಗೆ ಅಂತ ಯಾವ ಔಷಧವನ್ನೂ ಕೊಟ್ಟಿರಲಿಲ್ಲ ಅನ್ನೋದನ್ನು ಗಮನಿಸಿ.

ಇನ್ನೂ ಚೆನ್ನಾಗಿರೋದು 2015ರಲ್ಲಿ ಪ್ರಕಟವಾದ ಫಿಜಿಯ ಅಧ್ಯಯನ. ಎರಡು ಸಾವಿರ ಜನ, ಮೂರು ಗುಂಪು. ಒಂದು ಕಡೆ ಎಲ್ಲ ಕಡೆ ಮಾಡುವ ಹಾಗೆ, ಕಜ್ಜಿ ಇದ್ದವರಿಗೆ ಮತ್ತು ಅವರ ಹತ್ತಿರದವರಿಗೆ ಮಾತ್ರ ಹುಳ ಕೊಲ್ಲುವ ಮುಲಾಮು. ಇನ್ನೊಂದು ಕಡೆ ರೋಗ ಇರಲಿ ಬಿಡಲಿ ಎಲ್ಲರಿಗೂ ಪರ್ಮೆಥ್ರಿನ್ ಮುಲಾಮು. ಮೂರನೇ ಕಡೆ ಎಲ್ಲರಿಗೂ ಐವರ್ಮೆಕ್ಟಿನ್ ಮಾತ್ರೆ (ಪುಟ್ಟ ಮಕ್ಕಳಿಗೂ ಬಸುರಿಯರಿಗೂ ಮಾತ್ರೆ ಬದಲು ಮುಲಾಮು). ಒಂದು ವರ್ಷದ ನಂತರ ಮೊದಲ ಗುಂಪಿನಲ್ಲಿ ಕಜ್ಜಿ ಸುಮಾರು ಅರ್ಧಕ್ಕೆ ಇಳಿದಿತ್ತು. ಮಾತ್ರೆ ಕೊಟ್ಟ ಗುಂಪಿನಲ್ಲಿ ಶೇಕಡಾ 32ರಿಂದ 2ಕ್ಕೆ! ಕೀವುಗುಳ್ಳೆ 25ರಿಂದ 8ಕ್ಕೆ, ಆಂಟಿಬಯಾಟಿಕ್ ಹಂಚದೆ.

ನನಗೆ ಇದರಲ್ಲಿ ಹಿಡಿಸಿದ್ದು ಮಾತ್ರೆಗಿಂತ "ಎಲ್ಲರಿಗೂ" ಅನ್ನುವ ಮಾತು. ಒಬ್ಬರಿಗೆ ಮದ್ದು ಹಚ್ಚಿ ಅದೇ ಹಾಸಿಗೆಯ ಇನ್ನಿಬ್ಬರನ್ನು ಬಿಟ್ಟರೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಆದರೆ ಡಾಕ್ಟರ ಚೀಟಿಯಲ್ಲಿ ಹೆಸರು ಬರೆಯೋಕೆ ಇರೋದು ಒಂದೇ ಗೆರೆ. ತುರಿಕೆ ಇಲ್ಲದವನಿಗೆ ಮದ್ದು ಯಾಕೆ ಅಂತ ಮನೆಯವರೂ ಕೇಳುತ್ತಾರೆ. ಹಾಸ್ಟೆಲು, ಜೈಲು, ವೃದ್ಧಾಶ್ರಮ, ನಿರಾಶ್ರಿತರ ಶಿಬಿರಗಳಲ್ಲಿ ಇದು ಮತ್ತೆ ಮತ್ತೆ ಹೊಗೆಯಾಡೋದು ಇದೇ ಕಾರಣಕ್ಕೆ ಅಂತ ನನ್ನ ಅಭಿಪ್ರಾಯ. ಒಬ್ಬೊಬ್ಬರನ್ನೇ ಹಿಡಿದು ಹಚ್ಚುತ್ತಾ ಹೋದರೆ ಕೊನೆಯವನು ಮುಗಿಯುವ ಹೊತ್ತಿಗೆ ಮೊದಲನೆಯವನು ಕೆರೆಯೋಕೆ ಶುರು ಮಾಡಿರುತ್ತಾನೆ.

ಐವರ್ಮೆಕ್ಟಿನ್ ಅಂದ ಕೂಡಲೇ ಕೆಲವರಿಗೆ ಕೋವಿಡ್ ನೆನಪಾಗುತ್ತೆ. ಆಗ ಜನ ಮುಗಿಬಿದ್ದು ನುಂಗಿದರು, ದೊಡ್ಡ ಪರೀಕ್ಷೆಗಳಲ್ಲಿ ಅದಕ್ಕೆ ಉಪಯೋಗ ಕಾಣಲಿಲ್ಲ. ಪಾಪ, ಮದ್ದಿನ ತಪ್ಪಿಲ್ಲ. ಪರೋಪಜೀವಿಗಳ ವಿರುದ್ಧ ಅದು ಮಾಡಿದ ಕೆಲಸಕ್ಕೆ 2015ರಲ್ಲಿ ನೊಬೆಲ್ ಬಂತು, ಜಪಾನಿನ ಸತೋಶಿ ಒಮುರಾ ಮತ್ತು ವಿಲಿಯಂ ಕ್ಯಾಂಪ್‌ಬೆಲ್ ಅವರಿಗೆ. ಸಲ್ಲದ ಕಡೆ ಮೆರೆದಾಡಿತು, ಸಲ್ಲುವ ಕಡೆ ಹೆಸರೇ ಇಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ ಯಾವುದೇ ಹೊತ್ತಿನಲ್ಲಿ 20 ಕೋಟಿಗೂ ಜಾಸ್ತಿ ಜನರಿಗೆ ಕಜ್ಜಿ ಇರುತ್ತೆ. ಆದರೂ ಅದು ನಿರ್ಲಕ್ಷಿತ ರೋಗಗಳ ಪಟ್ಟಿಗೆ ಸೇರಿದ್ದು 2017ರಲ್ಲಿ. ನಿರ್ಲಕ್ಷಿತ ಅಂತ ಅನ್ನಿಸಿಕೊಳ್ಳೋಕೂ ಅಷ್ಟು ವರ್ಷ ಕಾಯಬೇಕಾಯಿತು ನೋಡಿ. ಚರ್ಮರೋಗ ಇಡೀ ಜಗತ್ತಿನ ಸಾರ್ವಜನಿಕ ಆರೋಗ್ಯದ ವಿಷಯ ಅಂತ ಆ ಸಂಸ್ಥೆಯ ಮಹಾಸಭೆ ಠರಾವು ಮಾಡಿದ್ದು 2025ರ ಮೇನಲ್ಲಿ. ಸಾವಿನ ಲೆಕ್ಕ ನೋಡಿ ದುಡ್ಡು ಹಂಚುವ ಕಡೆ ಕೆರೆತಕ್ಕೆ ಏನು ಸಿಗುತ್ತೆ ಹೇಳಿ? ಕಿಡ್ನಿ ಕೆಟ್ಟವನು ಕಿಡ್ನಿ ಖಾತೆಗೆ ಹೋಗುತ್ತಾನೆ, ಚರ್ಮದ ಖಾತೆ ಖಾಲಿ.

ಬಟ್ಟೆ ಬಗ್ಗೆಯೂ ಒಂದು ಮಾತು, ನಾನು ಎರಡು ದಿನ ಮನೆಯ ಪರದೆಗಳನ್ನೂ ಬಿಡದೆ ಕುದಿಸಿದವನು. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೆನೆತ್ ಮೆಲನ್ಬಿ ಅನ್ನುವ ವಿಜ್ಞಾನಿ, ಯುದ್ಧಕ್ಕೆ ಹೋಗಲ್ಲ ಅಂದ ಯುವಕರನ್ನು ಒಪ್ಪಿಸಿ, ಕಜ್ಜಿಯಾದ ಸೈನಿಕರ ಒಗೆಯದ ಒಳಬಟ್ಟೆ ತೊಡಿಸಿ, ಅವರ ಕಂಬಳಿಯಲ್ಲೇ ಮಲಗಿಸಿ ನೋಡಿದ. ಅಂಟಿದ್ದು ಬೆರಳೆಣಿಕೆಯವರಿಗೆ. ಮೈಗೆ ಮೈ ತಾಗಿದಾಗಲೇ ಇದು ಮುಖ್ಯವಾಗಿ ಹರಡೋದು. ಮೈಯಿಂದ ಬೇರೆಯಾದ ಹುಳ ಎರಡು ಮೂರು ದಿನಕ್ಕಿಂತ ಜಾಸ್ತಿ ಬದುಕಲ್ಲ. ಹಾಸಿಗೆ ಬಟ್ಟೆ, ತೊಟ್ಟ ಬಟ್ಟೆ ಬಿಸಿನೀರಲ್ಲಿ ಒಗೆದರೆ ಸಾಕಾಗಿತ್ತು. ಪರದೆಗಳ ಬಣ್ಣ ಹೋಗಿದ್ದೇ ಬಂತು.

ಕೊನೆಗೆ ಒಂದೇ ರಾತ್ರಿ ಮನೆಯವರೆಲ್ಲ ಕತ್ತಿನಿಂದ ಕಾಲ್ಬೆರಳಿನವರೆಗೆ ಮುಲಾಮು ಹಚ್ಚಿಕೊಂಡು ಮಲಗಿದೆವು, ವಾರ ಬಿಟ್ಟು ಇನ್ನೊಂದು ಸಲ. ಕೆರೆತ ಮರುದಿನವೇ ನಿಲ್ಲುತ್ತೆ ಅಂದುಕೊಂಡಿದ್ದೆ. ನಿಲ್ಲಲಿಲ್ಲ. ಸತ್ತ ಹುಳದ ಅವಶೇಷಕ್ಕೂ ಮೈ ರೇಗುತ್ತಲೇ ಇರುತ್ತೆ, ಎರಡರಿಂದ ನಾಲ್ಕು ವಾರ ಹಿಡಿಯುತ್ತೆ, ಗಾಬರಿಯಾಗಿ ದಿನಾ ಹಚ್ಚಬೇಡಿ ಅಂತ ಡಾಕ್ಟರು ಮೊದಲೇ ಹೇಳಿದ್ದರು. ಮಗನಿಗೆ ಹತ್ತೇ ದಿನಕ್ಕೆ ನಿಂತಿತು. ನನಗೆ ಇಪ್ಪತ್ತಮೂರನೇ ರಾತ್ರಿ, ಎಚ್ಚರವಾಗದೆ ಬೆಳಗಾಯಿತು.