ಸ್ಪಷ್ಟನೆ: ಮೇ ರಜೆಯಲ್ಲಿ ಟ್ರೊಮ್ಸೊಗೆ ಹೋದರೆ ನಾರ್ದರ್ನ್ ಲೈಟ್ಸ್ ಕಾಣುವುದಿಲ್ಲ

ನಾರ್ವೆಯ ಟ್ರೊಮ್ಸೊ ಊರಲ್ಲಿ ವರ್ಷಪೂರ್ತಿ ನಾರ್ದರ್ನ್ ಲೈಟ್ಸ್ (ಉತ್ತರ ಧ್ರುವದ ಕಡೆ ರಾತ್ರಿ ಆಕಾಶದಲ್ಲಿ ಮೂಡುವ ಬಣ್ಣದ ಬೆಳಕು) ಕಾಣುತ್ತದೆ, ಟೂರ್ ಬುಕ್ ಮಾಡಿದರೆ ಗ್ಯಾರಂಟಿ ಅನ್ನೋ ಮೆಸೇಜ್ ವಾಟ್ಸಾಪ್‌ನಲ್ಲಿ ಓಡಾಡುತ್ತಿದೆ. ಇದು ತಪ್ಪು. ಮಕ್ಕಳ ಬೇಸಿಗೆ ರಜೆ ನೋಡಿಕೊಂಡು ಟಿಕೆಟ್ ಮಾಡಿಸುವವರು ದಯವಿಟ್ಟು ಸ್ವಲ್ಪ ತಾಳಿ.

ಊರು ಆರ್ಕ್ಟಿಕ್ ವೃತ್ತದಿಂದ ಸುಮಾರು 350 ಕಿ.ಮೀ. ಉತ್ತರಕ್ಕಿದೆ. ಮೇ 20ರ ಆಸುಪಾಸಿನಿಂದ ಜುಲೈ 22ರ ತನಕ ಅಲ್ಲಿ ಸೂರ್ಯ ಮುಳುಗುವುದೇ ಇಲ್ಲ. ಅದಕ್ಕೆ ಮುಂಚೆ, ಮೇ ಶುರುವಿನಲ್ಲೂ ರಾತ್ರಿ ಸರಿಯಾಗಿ ಕತ್ತಲಾಗುವುದಿಲ್ಲ. ಕತ್ತಲೇ ಇಲ್ಲದಿದ್ದರೆ ಬೆಳಕು ಕಾಣೋದು ಹೇಗೆ? ಅದಕ್ಕೆ ಸೆಪ್ಟೆಂಬರ್‌ನಿಂದ ಮಾರ್ಚ್ ಕೊನೆವರೆಗೆ ಒಳ್ಳೆಯ ಕಾಲ.

ಆಗಲೂ ಗ್ಯಾರಂಟಿ ಇಲ್ಲ. ಮೋಡ ಕವಿದರೆ ಮುಗೀತು. ಅದಕ್ಕೇ ಗೈಡ್‌ಗಳು ಹವಾಮಾನದ ಮ್ಯಾಪ್ ನೋಡುತ್ತಾ, ತಿಳಿ ಆಕಾಶ ಹುಡುಕಿಕೊಂಡು ಮಿನಿಬಸ್ಸನ್ನು ಗಂಟೆಗಟ್ಟಲೆ ಓಡಿಸುತ್ತಾರೆ. ಕೆಲವು ರಾತ್ರಿ ಫಿನ್ಲೆಂಡ್ ಗಡಿಯನ್ನೂ ದಾಟುತ್ತಾರೆ. ಹಾಗಾಗಿ ಪಾಸ್‌ಪೋರ್ಟ್ ಹೋಟೆಲ್‌ನಲ್ಲಿ ಬಿಟ್ಟು ಹೋಗಬೇಡಿ.

ಫೋಟೋ ನೋಡಿ ಮೋಸ ಹೋಗೋದೂ ಜಾಸ್ತಿ. ಬೆಳಕು ಮಂಕಾಗಿದ್ದರೆ ಕಣ್ಣಿಗೆ ಬೂದು ಬಣ್ಣದ ತೆಳು ಮೋಡದ ಹಾಗೆ ಕಾಣುತ್ತದೆ ಅಷ್ಟೇ. ಅದೇ ಕ್ಯಾಮೆರಾದಲ್ಲಿ ಕೆಲವು ಸೆಕೆಂಡ್ ಶಟರ್ ತೆರೆದಿಟ್ಟರೆ ಹಸಿರು! ಜೋರಾಗಿ ಬಂದ ರಾತ್ರಿ ಮಾತ್ರ ಬರಿಗಣ್ಣಿಗೂ ಹಸಿರು ಪರದೆ ಅಲುಗಾಡಿದ ಹಾಗೆ ಕಾಣುತ್ತದೆ.

ಬೇಸಿಗೆಯಲ್ಲೇ ಹೋಗಬೇಕು ಅಂದರೆ ಮೇ ಕೊನೆ ವಾರ ಇಟ್ಟುಕೊಳ್ಳಿ. ಕೇಬಲ್ ಕಾರ್‌ನಲ್ಲಿ 421 ಮೀಟರ್ ಎತ್ತರದ ಸ್ಟೋರ್‌ಸ್ಟೈನೆನ್ ಬೆಟ್ಟಕ್ಕೆ ಹತ್ತಿ, ನಡುರಾತ್ರಿಯ ಸೂರ್ಯನನ್ನು ನೋಡಿ. ನನ್ನ ಪ್ರಕಾರ ಅದೇನೂ ಕಡಿಮೆ ನೋಟವಲ್ಲ.