ಬಣ್ಣ ಕುಡಿಯದ ಗೋಡೆ

ಊರಲ್ಲಿ ಮನೆ ನೋಡಲು ಬಂದ ಪೇಂಟರ್ ಮೊದಲು ಗೋಡೆಯನ್ನು ಅಂಗೈಯಿಂದ ಸವರುತ್ತಾನೆ. ಆಮೇಲೆ, "ಸಾರ್, ಈ ಗೋಡೆ ಜಾಸ್ತಿ ಕುಡಿಯುತ್ತೆ" ಎನ್ನುತ್ತಾನೆ. ನಮ್ಮ ಬಣ್ಣದ ಲೆಕ್ಕವೆಲ್ಲ ನಿಂತಿರುವುದೇ ಈ ಕುಡಿತದ ಮೇಲೆ. ಗಾರೆ ಗೋಡೆಗೆ ಹೊಡೆದ ಸುಣ್ಣ ಅದರ ಸಣ್ಣ ರಂಧ್ರಗಳಿಗೆ ಇಳಿದು ಗಾಳಿಯ ಸಂಗಡ ಸೇರಿ ಕಲ್ಲಾಗುತ್ತದೆ. ಸಿಮೆಂಟ್ ಗೋಡೆಗೆ ಎರಡು ಕೋಟ್ ಪುಟ್ಟಿ ಎಳೆದರೆ ಅದೂ ಗೋಡೆಯದೇ ಒಂದು ಭಾಗವಾಗಿಬಿಡುತ್ತದೆ. ಹಬ್ಬಕ್ಕೊಂದು ಕೋಟ್ ಎಂದು ಹಳೆಯದರ ಮೇಲೆ ಹೊಸದನ್ನು ಹೇರುತ್ತ ಹೋದರೂ ಗೋಡೆ ತಾಳಿಕೊಳ್ಳುತ್ತದೆ, ಯಾಕೆಂದರೆ ಅದು ಇದ್ದಲ್ಲಿಂದ ಕದಲುವುದಿಲ್ಲ.

ಅಮೆರಿಕದ ಹಳೆಯ ಕ್ಯಾಂಪರ್ ಟ್ರೇಲರ್‌ನ, ಅಂದರೆ ಗಾಡಿಯ ಹಿಂದೆ ಕಟ್ಟಿ ಎಳೆದೊಯ್ಯುವ ಗಾಲಿಮನೆಯ, ಗೋಡೆ ಒಂದು ತೊಟ್ಟೂ ಕುಡಿಯುವುದಿಲ್ಲ, ಇದ್ದಲ್ಲಿ ಇರುವುದೂ ಇಲ್ಲ. ಇಂಡಿಯಾನಾದ ಎಲ್ಕಾರ್ಟ್ ಸುತ್ತಮುತ್ತಲ ಕಾರ್ಖಾನೆಗಳಿಂದ 1980, 90ರ ದಶಕದಲ್ಲಿ ಹೊರಬಂದ ಟ್ರೇಲರ್‌ಗಳಲ್ಲಿ ಹೆಚ್ಚಿನವುಗಳ ಒಳಗೋಡೆ ಎಂದರೆ 3 ಮಿ.ಮೀ. ದಪ್ಪದ ಪ್ಲೈವುಡ್ ಹಾಳೆ, ಅದರ ಮೇಲೆ ಕಾರ್ಖಾನೆಯಲ್ಲೇ ಅಂಟಿಸಿದ ಹೂವಿನ ಚಿತ್ತಾರದ ವಿನೈಲ್ ಅಥವಾ ಕಾಗದ. ಹಿಂದೆ ತೆಳು ಮರದ ರೀಪರು, ನಡುವೆ ಫೈಬರ್‌ಗ್ಲಾಸ್ ಹತ್ತಿ, ಆಚೆ ಅಲ್ಯೂಮಿನಿಯಂ ತಗಡು. ಹೆದ್ದಾರಿಯಲ್ಲಿ ಎಳೆದೊಯ್ಯುವಾಗ ಇದೆಲ್ಲ ಗಂಟೆಗಟ್ಟಲೆ ನಡುಗುತ್ತದೆ. ಮಿಷಿಗನ್‌ನ ಜನವರಿಯಲ್ಲಿ ಸೊನ್ನೆಗಿಂತ 20 ಡಿಗ್ರಿ ಕೆಳಗೆ ಹೋಗಿ, ಜುಲೈ ಬಿಸಿಲಿಗೆ ಮುಚ್ಚಿ ನಿಲ್ಲಿಸಿದರೆ 50 ಡಿಗ್ರಿ ಮುಟ್ಟುತ್ತದೆ. ಇಂಥ ಗೋಡೆಗೆ ಬಣ್ಣವೆಂದರೆ ಬರೀ ಮೇಲಿನ ತೊಗಲು.

ಹಾಗಾಗಿ ಇಂಥ ಟ್ರೇಲರ್‌ನ ಒಳಗೆ ಬಣ್ಣ ಬಳಿದು ಸಿಂಗರಿಸುವಾಗ ಊರಿನಿಂದ ತಂದ ಅಭ್ಯಾಸಗಳು ಕೆಲಸ ಕೆಡಿಸುತ್ತವೆ, ಇಲ್ಲಿ ಅಮೆರಿಕದವರ ಇತ್ತೀಚಿನ ಫ್ಯಾಷನ್ನೂ ಬೇರೆ ದಾರಿಯಲ್ಲಿ ಅಷ್ಟೇ ಕೆಡಿಸುತ್ತದೆ ಎನ್ನುವುದು ನನ್ನ ಅನಿಸಿಕೆ. ಊರಿನ ಮೂರು ಬುದ್ಧಿ ಮಾತ್ರ ಈ ಗಾಲಿಮನೆಗೆ ಹೇಳಿ ಮಾಡಿಸಿದ ಹಾಗಿವೆ: ಅರಗು, ಆಯಿಲ್ ಪೇಂಟಿನ ಪಟ್ಟಿ, ಮತ್ತು ಅಂಟಿಸುವ ಬದಲು ಕಟ್ಟುವುದು.

ಬಣ್ಣದ ಡಬ್ಬಿ ತೆರೆಯುವ ಮೊದಲು ಎಲ್ಲಾದರೂ ಸೋರುತ್ತಿದೆಯೇ ನೋಡಬೇಕು. ಎರಡೂ ದೇಶದವರು ಜಾರುವುದು ಇಲ್ಲೇ. ಊರಲ್ಲಿ ಸೋರಿದ ಗೋಡೆ ಬೇಸಿಗೆಗೆ ಒಣಗುತ್ತದೆ, ಮೇಲೆ ಸುಣ್ಣ ಹೊಡೆದರೆ ಮುಂದಿನ ಮಳೆಗಾಲದವರೆಗೆ ನಡೆದೀತು. ಟ್ರೇಲರ್‌ನಲ್ಲಿ ಒಳಗೆ ಸೇರಿದ ನೀರಿಗೆ ಹೊರಹೋಗಲು ದಾರಿಯೇ ಇಲ್ಲ, ರೀಪರು ಲಡ್ಡಾಗುತ್ತದೆ. ಕಿಟಕಿಯ ಕೆಳಮೂಲೆ, ಸೂರಿನ ಗಾಳಿಕಿಂಡಿಯ ಸುತ್ತ, ಮುಂದಿನ ಎರಡು ಮೂಲೆ, ಹೊರಗಡೆ ಮೇಲಂಚಿನಲ್ಲಿರುವ ಸಣ್ಣ ದೀಪಗಳ ಹಿಂಭಾಗ, ಈ ನಾಲ್ಕು ಕಡೆ ಹೆಬ್ಬೆರಳಿಂದ ಒತ್ತಿ ನೋಡಿ. ಮೆತ್ತಗಿದ್ದರೆ ಬಣ್ಣದ ಮಾತು ಆಮೇಲೆ. ಎರಡು ಮುಳ್ಳು ಚುಚ್ಚಿ ತೇವ ಅಳೆಯುವ ಮೀಟರ್ ಸಿಗುತ್ತದೆ; ಒಣ ಮರ ಸಾಮಾನ್ಯವಾಗಿ 8ರಿಂದ 12 ಶೇಕಡಾ ತೋರಿಸುತ್ತದೆ, 20 ದಾಟಿದರೆ ಮರ ಕೊಳೆಸುವ ಬೂಷ್ಟಿಗೆ ಅನ್ನ ಬಡಿಸಿದ ಹಾಗೆ. ಕಿಟಕಿ ಚೌಕಟ್ಟು ಬಿಚ್ಚಿ ಹಳೆಯ ಅಂಟು ಕೆರೆದು ಹೊಸ ಬ್ಯುಟೈಲ್ ಟೇಪ್ (ರಬ್ಬರಿನಂಥ ಮೆತ್ತನೆಯ ಅಂಟುಪಟ್ಟಿ) ಹಾಕುವುದೇ ಸರಿಯಾದ ರಿಪೇರಿ. ಮೇಲಿಂದ ಸಿಲಿಕೋನ್ ಬಳಿಯುವುದು ಕಳ್ಳ ರಿಪೇರಿ. ಒಮ್ಮೆ ಸಿಲಿಕೋನ್ ಮೆತ್ತಿದ ಜಾಗಕ್ಕೆ ಮತ್ತೆ ಏನೂ ಅಂಟುವುದಿಲ್ಲ, ಬಣ್ಣವಂತೂ ಮೀನುಕಣ್ಣಿನ ಹಾಗೆ ಗುಂಡಗೆ ಬಿಟ್ಟುಕೊಂಡು ನಿಲ್ಲುತ್ತದೆ.

1978ಕ್ಕಿಂತ ಹಿಂದಿನ ಟ್ರೇಲರ್ ಆಗಿದ್ದು, ಒಳಗೆ ಯಾರೋ ಆಗಲೇ ಬಣ್ಣ ಬಳಿದಿದ್ದರೆ ಉಜ್ಜುವ ಮುನ್ನ ಸೀಸದ ಪರೀಕ್ಷೆ ಮಾಡಿಸಬೇಕು. ಮನೆ ಬಣ್ಣದಲ್ಲಿ ಸೀಸಕ್ಕೆ ಅಮೆರಿಕ ಕಡಿವಾಣ ಹಾಕಿದ್ದು ಆ ವರ್ಷ. 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು ಸೀಸದ ಮಿತಿ ಇಲ್ಲಿ 2009ರಲ್ಲಿ ಬಂತು, ಭಾರತದಲ್ಲಿ 2016ರ ನಿಯಮದಿಂದ. ಆ ಕಾಲದ ವಿನೈಲ್ ನೆಲಹಾಸನ್ನೂ ಕಲ್ನಾರಿನ ಪರೀಕ್ಷೆ ಆಗದೆ ಕೆರೆಯಬಾರದು.

ಇನ್ನು ತೊಳೆಯುವುದು. ಪೇಂಟರ್‌ಗೆ ಒಪ್ಪಿಸಿ ಅಭ್ಯಾಸವಾದ ನಮಗೆ ಇದು ಬೇಸರದ ಕೆಲಸ. ಆದರೆ ಬಣ್ಣ ಹಕ್ಕಳೆ ಏಳುವುದು ಹೆಚ್ಚಾಗಿ ಕಪಾಟಿನ ಹಿಡಿಯ ಸುತ್ತ, ಸ್ವಿಚ್ಚಿನ ಪಕ್ಕ, ಒಲೆಯ ಮೇಲೆ. ಅಂದರೆ ಮೂವತ್ತು ವರ್ಷದ ಕೈಜಿಡ್ಡು ಕೂತಿರುವ ಕಡೆ. ಜಿಡ್ಡು ತೆಗೆಯುವ ದ್ರಾವಣದಿಂದ ಎರಡು ಸಲ, ಬರೀ ನೀರಿನಿಂದ ಎರಡು ಸಲ ಒರೆಸಬೇಕು. ಸೋಪು ಉಳಿದರೆ ಅದೂ ಜಿಡ್ಡಿನಷ್ಟೇ ಶತ್ರು. ಬಟ್ಟೆ ಹಿಂಡಿ ಒರೆಸಿ, ನೀರು ಸುರಿಯಬೇಡಿ. ಒಣಗಿದ ಮೇಲೆ 220 ನಂಬರಿನ ಸ್ಯಾಂಡ್‌ಪೇಪರಿನಿಂದ ಹೊಳಪು ಹೋಗುವಷ್ಟು ಮಾತ್ರ ಸವರಬೇಕು. ಊರಿನ ಗೋಡೆಯ ಹಾಗೆ ಬಲವಾಗಿ ಉಜ್ಜಿದರೆ ಚಿತ್ತಾರದ ಪದರ ಹರಿದು ಒಳಗಿನ ಕಾಗದ ಬಾಯಿಬಿಡುತ್ತದೆ. ಹರಿದ ಕಾಗದದ ಮೇಲೆ ನೀರಿನ ಬಣ್ಣವೋ ಪುಟ್ಟಿಯೋ ಬಿದ್ದ ಕೂಡಲೇ ಅದು ಹಪ್ಪಳದ ಹಾಗೆ ಉಬ್ಬುತ್ತದೆ.

ಅರಗು ಕೆಲಸಕ್ಕೆ ಬರುವುದು ಇಂಥ ಕಡೆ. ಇಲ್ಲಿನ ಅಂಗಡಿಯಲ್ಲಿ ಶೆಲ್ಲಾಕ್ ಪ್ರೈಮರ್ ಎಂದು ಸಿಗುವ, ಜಿನ್ಸರ್ ಬಿ-ಐ-ಎನ್ ಥರದ ಬಿಳಿ ದ್ರವದ ಜೀವಾಳ ನಮ್ಮ ಅರಗೇ. ಚನ್ನಪಟ್ಟಣದ ಗೊಂಬೆಗೆ ಹೊಳಪು ಕೊಡುವ ಅರಗು, ಬಡಗಿ ಸ್ಪಿರಿಟ್ಟಿನಲ್ಲಿ ಕರಗಿಸಿ ಬಾಗಿಲಿಗೆ ಪಾಲಿಷ್ ಎಳೆಯುವ ಅರಗು. ಸ್ಪಿರಿಟ್ಟಿನಲ್ಲಿ ಕರಗುವುದರಿಂದ ಕಾಗದವನ್ನು ಉಬ್ಬಿಸುವುದಿಲ್ಲ. ಸೋರಿಕೆಯ ಕಂದು ಕಲೆ, ಸಿಗರೇಟಿನ ಹಳದಿ, ಹಳೆಯ ಮುಗ್ಗಲು ವಾಸನೆ, ಪಿನ್ನುಗಳ ತುಕ್ಕು, ಎಲ್ಲವನ್ನೂ ಒಳಗೇ ಕೂಡಿಹಾಕುತ್ತದೆ. ನೀರಿನ ಬಣ್ಣ ಮೂರು ಕೋಟ್ ಹೊಡೆದರೂ ಆ ಕಂದು ಉಂಗುರ ಮೂರನೇ ದಿನ ಮೇಲೆ ಬಂದು ಕೂರುತ್ತದೆ. ಅರಗಿನ ಪ್ರೈಮರ್ ಮುಕ್ಕಾಲು ಗಂಟೆಯಲ್ಲೇ ಇನ್ನೊಂದು ಕೋಟ್ ಹೊಡೆಯುವಷ್ಟು ಒಣಗುತ್ತದೆ.

ಹಾಗೆಂದು ಇಡೀ ಟ್ರೇಲರ್‌ಗೆ ಅದನ್ನೇ ಬಳಿಯುವುದನ್ನು ನಾನು ಒಪ್ಪುವುದಿಲ್ಲ. ಅರಗು ಗಡಸು, ನಡುಗುವ ಅಗಲ ಹಾಳೆಯ ಮೇಲೆ ಕೂದಲೆಳೆಯ ಬಿರುಕು ಬಿಡಬಹುದು. ಕಲೆ, ಹರಿದ ಜಾಗಗಳಿಗೆ ಅರಗು. ಉಳಿದ ಗೋಡೆಗೆ ನುಣುಪು ಮೇಲ್ಮೈಗೂ ಕಚ್ಚಿಕೊಳ್ಳುವ ಯುರೆಥೇನ್ ಅಕ್ರಿಲಿಕ್ ಬಾಂಡಿಂಗ್ ಪ್ರೈಮರ್. ಒಣಗಿದ ಮೇಲೆ ಉಗುರಿಂದ ಕೆರೆದು ನೋಡಿ. ಸಿಪ್ಪೆಯಾಗಿ ಎದ್ದರೆ ತೊಳೆದದ್ದು ಸಾಲದು ಎಂದೇ ಅರ್ಥ.

ಒಂದು ಎಚ್ಚರಿಕೆ. ಸ್ಪಿರಿಟ್ಟಿನ ಆವಿ ಹೊತ್ತಿಕೊಳ್ಳುತ್ತದೆ. ಹಳೆಯ ಟ್ರೇಲರ್‌ನ ಗ್ಯಾಸ್ ಫ್ರಿಜ್, ನೀರು ಕಾಯಿಸುವ ಬಾಯ್ಲರ್, ಹೀಟರ್‌ಗಳ ಒಳಗೆ ಸದಾ ಉರಿಯುವ ಸಣ್ಣ ಜ್ವಾಲೆ ಇರಬಹುದು. ಮೊದಲು ಸಿಲಿಂಡರಿನ ವಾಲ್ವ್ ಬಂದ್ ಮಾಡಿ. ಬಾಗಿಲು ಕಿಟಕಿ ತೆರೆದು ಗಾಳಿ ಹೊರಗೆ ದೂಡುವ ಫ್ಯಾನ್ ಇಡಿ, ಸ್ಪಿರಿಟ್ಟಿನಂಥ ದ್ರಾವಕಗಳ ಆವಿ ತಡೆಯುವ (ಆರ್ಗ್ಯಾನಿಕ್ ವೇಪರ್) ಮಾಸ್ಕ್ ಹಾಕಿಕೊಳ್ಳಿ. ಬಟ್ಟೆಯ ಮಾಸ್ಕ್ ಇದಕ್ಕೆ ನಡೆಯದು.

ಲೆಕ್ಕಕ್ಕೆ ಬಂದರೆ, 18ರಿಂದ 20 ಅಡಿಯ ಟ್ರೇಲರ್‌ನಲ್ಲಿ ಕಿಟಕಿ ಕಪಾಟು ಕಳೆದು ಗೋಡೆ ಸುಮಾರು 220 ಚದರಡಿ, ಮೇಲ್ಛಾವಣಿಯ ಒಳಮುಖ 130, ಕಪಾಟುಗಳು 130 ಅಂದುಕೊಳ್ಳಿ. ಒಂದು ಗ್ಯಾಲನ್, ಅಂದರೆ ಸುಮಾರು 3.8 ಲೀಟರ್, 350ರಿಂದ 400 ಚದರಡಿ ಬರುತ್ತದೆ. ಪ್ರೈಮರ್ ಎರಡು ಗ್ಯಾಲನ್, ಗೋಡೆ ಮತ್ತು ಮೇಲ್ಛಾವಣಿಗೆ ಎರಡು ಕೋಟಿಗೆ ಎರಡು ಗ್ಯಾಲನ್, ಕಪಾಟಿಗೆ ಒಂದು. ಒಣಗಿದ ಮೇಲೆ ಇಷ್ಟೂ ಸೇರಿ ಹತ್ತು ಹದಿನೈದು ಕಿಲೋ ಉಳಿದೀತು. ಊರಲ್ಲಿ ಪುಟ್ಟಿಯ ಒಂದು ಚೀಲವೇ 40 ಕಿಲೋ! ಗೋಡೆ ನುಣ್ಣಗಾಗಲಿ ಎಂದು ಇಲ್ಲಿಯೂ ಪುಟ್ಟಿ ಎಳೆಯುವವರಿದ್ದಾರೆ. ಮೊದಲ ಐವತ್ತು ಮೈಲಿಗೆ ಸಂದುಗಳಲ್ಲೆಲ್ಲ ಬಿರುಕು, ನೆಲದ ಮೇಲೆಲ್ಲ ಬಿಳಿ ಪುಡಿ. ಹಾಳೆ ಹಾಳೆ ಸೇರುವ ಕಡೆ ಕಾರ್ಖಾನೆಯವರು ಪ್ಲಾಸ್ಟಿಕ್ ಪಟ್ಟಿ ಹೊಡೆದಿರುವುದು ಬರೀ ಅಂದಕ್ಕಲ್ಲ, ಹಾಳೆಗಳು ಅಲುಗಾಡಲೂ ಜಾಗವಿರಲಿ ಎಂದು. ಪಟ್ಟಿ ಅಲ್ಲೇ ಇರಲಿ. ಅಂಚಿಗೆ ಬಣ್ಣ ಹಿಡಿಯುವ, ಎಳೆದರೆ ಹಿಗ್ಗುವ ಅಕ್ರಿಲಿಕ್ ಕಾಕ್ (ಸಂದು ಮುಚ್ಚುವ ಮೆತ್ತನೆಯ ಲೇಪ) ತೆಳ್ಳಗೆ ಎಳೆದು ಮೇಲೆ ಬಣ್ಣ ಹೊಡೆದರೆ ಸಾಕು.

ಕಪಾಟಿಗೆ ಊರಿನ ಬಡಗಿಯ ಮಾತು ಕೇಳಿ ಆಯಿಲ್ ಎನಾಮೆಲ್ ತರಬೇಡಿ. ಬಿಸಿಲು ಕಾಣದ ಕಪಾಟಿನ ಒಳಗೆ ಆ ಎಣ್ಣೆಬಣ್ಣ ಹಳದಿಗೆ ತಿರುಗುತ್ತದೆ, ಚಿಕ್ಕ ಗೂಡಿನಲ್ಲಿ ವಾಸನೆಯೂ ವಾರಗಟ್ಟಲೆ ಹೋಗದು. ಬ್ರಶ್ಶನ್ನು ನೀರಿನಲ್ಲೇ ತೊಳೆಯಬಹುದಾದ, ಯುರೆಥೇನ್ ಬೆರೆತ ಅಕ್ರಿಲಿಕ್ ಎನಾಮೆಲ್ ಒಳ್ಳೆಯದು, ಸ್ಯಾಟಿನ್ ಹೊಳಪಿನದು. ಬಾಗಿಲುಗಳನ್ನು ಕಳಚಿ, ಹಿಂಜಿನ ಗುಳಿಯೊಳಗೆ ನಂಬರ್ ಬರೆದು ಅದರ ಮೇಲೆ ಟೇಪ್ ಅಂಟಿಸಿ, ನಾಲ್ಕಿಂಚಿನ ಫೋಮ್ ರೋಲರಿನಲ್ಲಿ ಎರಡು ತೆಳು ಕೋಟ್ ಹೊಡೆಯಿರಿ. ಮುಟ್ಟಿದರೆ ಒಣಗಿದಂತೆ ಕಾಣುವುದಕ್ಕೂ ಗಟ್ಟಿಯಾಗುವುದಕ್ಕೂ ಎರಡರಿಂದ ನಾಲ್ಕು ವಾರದ ಅಂತರವಿದೆ. ಅಷ್ಟರೊಳಗೆ ಬಾಗಿಲು ಮುಚ್ಚಿಟ್ಟರೆ ಚೌಕಟ್ಟಿಗೆ ಬೆಸೆದುಕೊಂಡು, ಎಳೆದಾಗ ಬಣ್ಣ ಪೂರ್ತಿ ಕಿತ್ತು ಬರುತ್ತದೆ. ಕೆಲಸಕ್ಕೆ ಗಾಳಿ ಕನಿಷ್ಠ 10 ಡಿಗ್ರಿಯಾದರೂ ಬೆಚ್ಚಗಿರಬೇಕು. ನಡು ಬೇಸಿಗೆಯಲ್ಲಿ ಬೆಳಗಿನ ಹೊತ್ತೇ ಸರಿ. ಮಧ್ಯಾಹ್ನದ ಕಾವಿಗೆ ಬಣ್ಣ ಹರಡುವ ಮೊದಲೇ ಒಣಗಿ ಬ್ರಶ್ಶಿನ ಗೆರೆ ಉಳಿಯುತ್ತದೆ.

ತೂಕ, ತಯಾರಿಕೆಯ ವಿವರ ಇರುವ ಚೀಟಿ, ತುರ್ತು ಕಿಟಕಿಯ ಕೆಂಪು ಹಿಡಿ, ಗ್ಯಾಸ್ ಸೋರಿಕೆ ಹೇಳುವ ಪೆಟ್ಟಿಗೆ, ಇವುಗಳಿಗೆ ಬಣ್ಣ ತಾಗಿಸಬಾರದು. ಬಚ್ಚಲಿನ ಪ್ಲಾಸ್ಟಿಕ್ ತೊಟ್ಟಿಗೂ ಬೇಡ, ಕಾಲಿಟ್ಟರೆ ಬಾಗುವ ವಸ್ತುವಿನ ಮೇಲೆ ಬಣ್ಣ ನಿಲ್ಲದು.

ಯಾವ ಬಣ್ಣ? ಇಲ್ಲಿಯ ಫ್ಯಾಷನ್ ನೆಲದಿಂದ ಸೂರಿನವರೆಗೆ ಹಾಲುಬಿಳಿ. ಒಗ್ಗರಣೆ ಹಾಕದವರಿಗೆ ಅದು ಸರಿ. ಸಾಸಿವೆ ಸಿಡಿಯುವ, ಅರಿಶಿನ ಹಾರುವ ಅಡುಗೆಯವರು ಒಲೆಯ ಹಿಂದೆ ತೆಳು ಅಲ್ಯೂಮಿನಿಯಂ ಹಾಳೆ ಹಾಕಿಕೊಳ್ಳಲಿ. ಬೇರೆ ಕಡೆ ಬಿದ್ದ ಅರಿಶಿನದ ಕಲೆ ಬಿಸಿಲು ತಾಗಿದರೆ ತಾನೇ ಮಾಸುತ್ತದೆ. ನಮ್ಮ ಸರ್ಕಾರಿ ಶಾಲೆ, ಆಸ್ಪತ್ರೆಗಳಲ್ಲಿ ನೆಲದಿಂದ ನಾಲ್ಕಡಿ ಗಾಢ ಬಣ್ಣದ ಆಯಿಲ್ ಪೇಂಟ್, ಮೇಲೆ ತಿಳಿ ಸುಣ್ಣ ಇರುತ್ತಿತ್ತಲ್ಲ, ನಾವೆಲ್ಲ ನಕ್ಕದ್ದು ಅದನ್ನು ಕಂಡೇ. ಟ್ರೇಲರ್‌ಗೆ ಅದಕ್ಕಿಂತ ಜಾಣ ಏರ್ಪಾಡಿಲ್ಲ. ಚಪ್ಪಲಿ, ಮೊಣಕಾಲು, ಒದ್ದೆ ಚೀಲ ತಾಗುವುದೆಲ್ಲ ಎರಡೂವರೆ ಅಡಿಯ ಕೆಳಗೆ. ಅಲ್ಲಿಯವರೆಗೆ ಕಪಾಟಿಗೆ ಹೊಡೆದ ಎನಾಮೆಲ್ಲನ್ನೇ ಗಾಢ ಹಸಿರಿನಲ್ಲೋ ಕೆಮ್ಮಣ್ಣಿನ ಬಣ್ಣದಲ್ಲೋ ಹೊಡೆದು, ಮೇಲೆ ಕೆನೆಬಣ್ಣ ಇಟ್ಟರೆ ಒರೆಸುವುದೂ ಸುಲಭ, ತಿದ್ದುವುದೂ ಸುಲಭ. ನಾಲ್ಕು ಅಡಿ ಮಾತ್ರ ಬೇಡ, ಕುಳ್ಳ ಕೋಣೆ ಇನ್ನೂ ಕುಳ್ಳಾಗಿ ಕಾಣುತ್ತದೆ.

ಸಿಂಗಾರದ ಮಾತಿಗೆ ಬಂದರೆ ನನ್ನ ತಕರಾರು ಇಲ್ಲಿಯ ಪದ್ಧತಿಯ ಮೇಲೆ ಜಾಸ್ತಿ. ಹಿಂಬದಿ ಸುಲಿದು ಅಂಟಿಸುವ ವಾಲ್‌ಪೇಪರ್, ಅಂಟಿಸುವ ಟೈಲ್, ಅಂಟಿಸುವ ನೆಲ. ಮನೆಯೊಳಗೆ ಇವು ನಿಂತಾವು, ಅಲ್ಲಿ ವರ್ಷವಿಡೀ ಒಂದೇ ಹವೆ. ಟ್ರೇಲರ್‌ನ ಕಾವಿಗೆ ಅಂಟು ಮೆತ್ತಗಾಗಿ ಜಾರುತ್ತದೆ, ಚಳಿಗೆ ಹಾಳೆ ಕುಗ್ಗಿ ಸಂದು ಬಾಯಿಬಿಡುತ್ತದೆ. ಗೋಡೆಗೆ ಪೈನ್ ಹಲಗೆ ಜೋಡಿಸುವವರೂ ಇದ್ದಾರೆ. ಅರ್ಧ ಇಂಚಿನ ಹಲಗೆ 100 ಚದರಡಿ ಎಂದರೆ ಸುಮಾರು 50 ಕಿಲೋ. 30 ಗ್ಯಾಲನ್ ನೀರು ತುಂಬಿದರೆ ಅದೇ 110 ಕಿಲೋ ದಾಟುತ್ತದೆ, ಹಳೆಯ ಸಣ್ಣ ಟ್ರೇಲರ್ ಹೊರಬಲ್ಲ ಸಾಮಾನಿನ ಮಿತಿ ಅಷ್ಟೇನೂ ದೊಡ್ಡದಲ್ಲ. ಭಾರ ಹಿಂದುಗಡೆ ಸೇರಿದರೆ ಇನ್ನೂ ಅಪಾಯ: ಒಟ್ಟು ತೂಕದ 10ರಿಂದ 15 ಶೇಕಡಾ ಎಳೆಯುವ ಕೊಂಡಿಯ ಮೇಲೆ ಕೂತಿರಬೇಕು, ಕಡಿಮೆಯಾದರೆ ವೇಗದಲ್ಲಿ ಬಾಲ ಬೀಸುತ್ತದೆ.

ನಮ್ಮ ಲಾರಿ ಡ್ರೈವರುಗಳ ಕ್ಯಾಬಿನ್ ನೆನೆದುಕೊಳ್ಳಿ. ಕುಚ್ಚು, ಮಣಿಸರ, ಹೂಮಾಲೆ, ಪರದೆ ಎಲ್ಲವೂ ಕಂಬಿಗೆ ಕಟ್ಟಿದ್ದು. ಅಲುಗಿದರೆ ಅಲುಗಲಿ ಎಂಬ ಒಪ್ಪಂದದ ಮೇಲೆ ಕಟ್ಟಿದ್ದು. ಆಯುಧಪೂಜೆಗೆ ಬಿಚ್ಚಿ, ತೊಳೆದು, ಹೊಸದು ಕಟ್ಟುತ್ತಾರೆ. ಟ್ರೇಲರ್‌ಗೆ ಇದೇ ಮಾದರಿ. ಆರು ಗಜದ ಹಳೆಯ ಇಳಕಲ್ ಹತ್ತಿ ಸೀರೆಯೊಂದನ್ನು ಉದ್ದಕ್ಕೆ ನಾಲ್ಕು ಪಾಲು ಮಾಡಿದರೆ, 30 ಇಂಚು ಅಗಲ 22 ಇಂಚು ಎತ್ತರದ ನಾಲ್ಕು ಕಿಟಕಿಗೆ ನಿರಿಗೆ ಸಮೇತ ಪರದೆಯಾಗುತ್ತದೆ. ಅಡ್ಡಕ್ಕೆ ಉಳಿದ ಅರ್ಧ ಮೀಟರಿನ ಪಟ್ಟಿಗಳು ದಿಂಬಿನ ಚೀಲಕ್ಕೆ. ಹಿಂದೆ ಬಿಳಿ ದಪ್ಪ ಅಸ್ತರು ಕೊಡಿ, ಇಲ್ಲವಾದರೆ ಬಿಸಿಲಿಗೆ ಎರಡೇ ಬೇಸಿಗೆಯಲ್ಲಿ ಬಣ್ಣ ಬಿಳಚುತ್ತದೆ. ಗುಳೇದಗುಡ್ಡದ ಖಣ ಇನ್ನೂ ಚೆಂದ, ಕಪಾಟಿನ ಬಾಗಿಲ ನಡುಚೌಕಕ್ಕೆ ಒಪ್ಪುತ್ತದೆ. ಒಲೆಯಿಂದ ಎರಡು ಅಡಿಯೊಳಗೆ ಯಾವ ಬಟ್ಟೆಯೂ ಬೇಡ. ದೇವರ ಗೂಡಿಗೂ ಬ್ಯಾಟರಿ ದೀಪವೇ ಇರಲಿ.

ಪರದೆಗೆ ಮೇಲೊಂದು ಕೆಳಗೊಂದು ಕಂಬಿ ಬೇಕು, ಒಂದೇ ಇದ್ದರೆ ದಾರಿಯುದ್ದಕ್ಕೂ ಗೋಡೆಗೆ ಬಡಿಯುತ್ತದೆ. ಕಂಬಿಯ ಸ್ಕ್ರೂ 3 ಮಿ.ಮೀ. ಹಾಳೆಗೆ ಕಚ್ಚಿದರೆ ನಿಲ್ಲದು, ರೀಪರನ್ನೇ ಹಿಡಿಯಬೇಕು. ಸಣ್ಣ ಆಯಸ್ಕಾಂತವನ್ನು ಗೋಡೆಯ ಮೇಲೆ ಆಡಿಸಿದರೆ ಹಾಳೆಗೆ ಹೊಡೆದ ಪಿನ್ನುಗಳ ಸಾಲು ಸಿಗುತ್ತದೆ, ರೀಪರು ಇರುವುದು ಅದರ ಹಿಂದೆಯೇ. ಸ್ಕ್ರೂ ಮುಕ್ಕಾಲು ಇಂಚು ಮೀರಬಾರದು. ಆಚೆ ವೈರೂ ಇದೆ, ತಗಡೂ ಇದೆ. ಕಪಾಟಿನ ಬಾಗಿಲು ಮತ್ತೆ ಕೂರಿಸುವಾಗ ಹಳೆಯ ತೂತು ಸಡಿಲವಾಗಿದ್ದರೆ ಎರಡು ಹಲ್ಲುಕಡ್ಡಿಯನ್ನು ಮರದ ಗೋಂದಿನಲ್ಲಿ ಅದ್ದಿ ತುರುಕಿ, ಒಂದು ರಾತ್ರಿ ಬಿಟ್ಟು, ಮೇಲುಳಿದದ್ದನ್ನು ಕತ್ತರಿಸಿ, ಹಳೆಯ ಸ್ಕ್ರೂವನ್ನೇ ಕೈಯಿಂದ ತಿರುಗಿಸಿ. ಡ್ರಿಲ್ ಬೇಡ.