ಗಾಜಿನ ಮೇಲೆ ಪಾಸ್, ಹಿಂದೆ ಕತ್ತಲೆ

ಇಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ನನ್ನ ಕಾರನ್ನ ಮಂಗಳವಾರ ಸರ್ಕಾರಿ ತಪಾಸಣೆಯಲ್ಲಿ ಪಾಸ್ ಮಾಡಿದರು. ಗುರುವಾರ ಪೊಲೀಸರು ದಂಡ ಹಾಕಿದರು. ಕಾರು ಅದೇ, ಅದನ್ನು ಓಡಿಸುವ ಪೆದ್ದನೂ ಅವನೇ. ರಾತ್ರಿ ಹನ್ನೊಂದೂವರೆ ಆಯಿತು, ನಿದ್ದೆ ಬರ್ತಾ ಇಲ್ಲ. ಅದಕ್ಕೇ ಇಲ್ಲಿ ಬಂದು ಕಾರಿಕೊಳ್ತಾ ಇದ್ದೇನೆ.

ಆ ಪೊಲೀಸ್ ಜೇಬಿಗೆ ಕೈ ಹಾಕಿ ನಾಣ್ಯ ತೆಗೆದನಲ್ಲ, ಅದೇ ಕಣ್ಣ ಮುಂದೆ ಬರ್ತಾ ಇದೆ.

ಸ್ಪೀಡ್ ಇರಲಿಲ್ಲ. ಫೋನ್ ಮುಟ್ಟಿರಲಿಲ್ಲ. ಬೆಲ್ಟ್ ಹಾಕಿದ್ದೆ. ಆದರೂ ಸಿಗ್ನಲ್ ದಾಟಿದ ತಕ್ಷಣ ಹಿಂದೆ ಕೆಂಪು ನೀಲಿ ದೀಪ. ಬದಿಗೆ ನಿಲ್ಲಿಸಿದೆ. "ಬ್ರೇಕ್ ಒತ್ತಿ" ಅಂದ. ಒತ್ತಿದೆ. "ಬಿಡಿ." ಬಿಟ್ಟೆ. "ಇನ್ನೊಂದು ಸಲ." ಹೀಗೆ ಐದಾರು ಸಲ ಒತ್ತಿಸಿದ, ಪಕ್ಕದ ಲೇನಿನಲ್ಲಿ ಹೋಗುವವರೆಲ್ಲ ನಿಧಾನ ಮಾಡಿ ನಮ್ಮ ಮುಖ ನೋಡಿಕೊಂಡು ಹೋಗ್ತಾ ಇದ್ದರು, ಮಾವ ಪಕ್ಕದಲ್ಲಿ ಕೂತು ನೆಟ್ಟಗೆ ಮುಂದಕ್ಕೆ ನೋಡ್ತಾ ಇದ್ದರು, ಅವರಿಗೂ ನನಗೂ ಸಂಬಂಧವೇ ಇಲ್ಲ ಅನ್ನೋ ಹಾಗೆ. ಎಡಗಡೆ ಬ್ರೇಕ್ ಲೈಟ್ ಹತ್ತುತ್ತಿಲ್ಲವಂತೆ. ಮೇಲೆ ಮಧ್ಯದಲ್ಲಿರುವುದೂ ಇಲ್ಲ. ಬಲಗಡೆಯದು ಒಂದೇ.

ನಾನು ಬಾಯಿ ಮುಚ್ಚಿಕೊಂಡು ಇರಬಹುದಿತ್ತು. ಇರಲಿಲ್ಲ. "ಸರ್, ಮೊನ್ನೆ ತಾನೇ ಇನ್‌ಸ್ಪೆಕ್ಷನ್ ಪಾಸ್ ಆಗಿದೆ, ನೋಡಿ" ಅಂತ ಗಾಜಿನ ಮೂಲೆಯ ಸ್ಟಿಕರ್ ತೋರಿಸಿದೆ. ಹೊಸಾ ಸ್ಟಿಕರ್, ಎರಡು ವರ್ಷಕ್ಕೆ. ಅವನು ನಕ್ಕ. ಜೋರಾಗಿ ಅಲ್ಲ, ಮೂಗಿನಲ್ಲಿ. "ಅದು ಹೊಗೆಗೆ" ಅಂದ. ಆಮೇಲೆ "ಇಳಿದು ಬನ್ನಿ" ಅಂತ ಮುಂದಿನ ಎಡ ಟಯರ್ ಹತ್ತಿರ ಕುಕ್ಕರಗಾಲಿನಲ್ಲಿ ಕೂತ.

ಜೇಬಿನಿಂದ ಒಂದು ಸೆಂಟಿನ ನಾಣ್ಯ ತೆಗೆದ. ಅದರ ಮೇಲಿರುವ ಅಧ್ಯಕ್ಷ ಲಿಂಕನ್ ತಲೆ ಕೆಳಗೆ ಮಾಡಿ ಟಯರಿನ ಗೆರೆಯೊಳಗೆ ಇಟ್ಟ. ಟಾರ್ಚ್ ಬಿಟ್ಟ. ಗೆರೆ ಆಳ ಇದ್ದರೆ ಲಿಂಕನ್ ನೆತ್ತಿ ಒಳಗೆ ಮುಳುಗಬೇಕು. ಒಂದು ಇಂಚಿನ ಮೂವತ್ತೆರಡರಲ್ಲಿ ಎರಡು ಭಾಗ, ಅಂದರೆ 1.6 ಮಿಲಿಮೀಟರ್, ಅಷ್ಟಾದರೂ ಉಳಿದಿರಬೇಕು. ನನ್ನ ಟಯರಿನಲ್ಲಿ ಲಿಂಕನ್ ಅವರು ಕೂದಲು, ಹಣೆ, ಎಲ್ಲಾ ಸಮೇತ ದರ್ಶನ ಕೊಟ್ಟರು. "ತಲೆ ಕಾಣಿಸ್ತಾ?" ಅಂದ. ಕಾಣಿಸ್ತು ಅಂದೆ. "ಪೂರ್ತಿ?" ಪೂರ್ತಿ ಅಂದೆ. ಹೂಂ, ಅದನ್ನೂ ನನ್ನ ಬಾಯಿಂದಲೇ ಹೇಳಿಸಿದ.

ಲೈಟಿಗೆ ಟಿಕೆಟ್ ಬರೆದ. ಟಯರಿಗೆ ಬರೆಯಲಿಲ್ಲ, ಬದಲಿಗೆ ಆ ನಾಣ್ಯವನ್ನ ನನ್ನ ಅಂಗೈಯಲ್ಲಿಟ್ಟು "ಇಟ್ಟುಕೊಳ್ಳಿ, ತಿಂಗಳಿಗೊಂದು ಸಲ ನೋಡಿಕೊಳ್ತಾ ಇರಿ" ಅಂದ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬರಲ್ಲ ಅಂತಾರೆ. ನನ್ನದು ಒಂದು ಸೆಂಟಿಗೆ ಹೋಯಿತು, ಅದೂ ಅವನೇ ಕೊಟ್ಟ ಸೆಂಟು. ಬೈದಿದ್ದರೆ ಇಷ್ಟು ಉರಿಯುತ್ತಿರಲಿಲ್ಲ.

ಕಾರು ಹೊರಟ ಮೇಲೆ ಒಂದು ಮೈಲಿ ಯಾರೂ ಮಾತಾಡಲಿಲ್ಲ. ಆಮೇಲೆ ಮಾವ ನಿಧಾನಕ್ಕೆ ಕೇಳಿದರು, "ಅಲ್ರೀ, ಬ್ರೇಕೂ ನೋಡಲ್ಲ, ಲೈಟೂ ನೋಡಲ್ಲ, ಟಯರೂ ನೋಡಲ್ಲ. ಮತ್ತೆ ಮಂಗಳವಾರ ಅವರು ನೋಡಿದ್ದೇನು?" ಇಪ್ಪತ್ತು ವರ್ಷ ಲಾರಿ ಇಟ್ಟುಕೊಂಡಿದ್ದವರು ಅವರು, ಎಫ್‌ಸಿ, ಅಂದರೆ ಗಾಡಿಯ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸೋಕೆ ಎಷ್ಟು ಸಲ ಅಲೆದಿದ್ದಾರೋ. ನನ್ನ ಹತ್ತಿರ ಉತ್ತರ ಇರಲಿಲ್ಲ.

ಮಂಗಳವಾರ ಏನಾಯಿತು ಅಂದರೆ, ಸ್ಟೀರಿಂಗ್ ಕೆಳಗೆ ಒಂದು ವೈರ್ ಚುಚ್ಚಿದರು, ಕಾರಿನ ಕಂಪ್ಯೂಟರ್ ಏನೋ ಹೇಳಿತು, ಸ್ಟಿಕರ್ ಅಂಟಿಸಿದರು. ಮುಗೀತು. ಯಾರೂ ಕಾರಿನ ಸುತ್ತ ಒಂದು ಸುತ್ತು ಬರಲಿಲ್ಲ. ಅವರ ತಪ್ಪೂ ಅಲ್ಲ ಬಿಡಿ, ನೋಡಬೇಕು ಅನ್ನೋ ಕಾನೂನೇ ಇಲ್ಲ. ನ್ಯೂಜೆರ್ಸಿಯಲ್ಲಿ 1938ರಿಂದ ನಡೆದುಕೊಂಡು ಬಂದಿದ್ದ ಸೇಫ್ಟಿ ತಪಾಸಣೆಯನ್ನ 2010ರ ಆಗಸ್ಟ್ 1ರಿಂದ ನಮ್ಮಂಥವರ ಮಾಮೂಲಿ ಕಾರುಗಳಿಗೆ ನಿಲ್ಲಿಸಿಬಿಟ್ಟರು. ವರ್ಷಕ್ಕೆ ಒಂದು ಕೋಟಿ ಡಾಲರಿಗೂ ಜಾಸ್ತಿ ಉಳಿಯುತ್ತೆ ಅಂತ ಲೆಕ್ಕ. ಹೊಗೆ ಪರೀಕ್ಷೆ ಮಾತ್ರ ಉಳಿಯಿತು. ಕಾರು ಸುಸ್ಥಿತಿಯಲ್ಲಿ ಇಟ್ಟುಕೊಳ್ಳುವ ಜವಾಬ್ದಾರಿ ನಿಮ್ಮದೇ, ಕೆಟ್ಟಿದ್ದರೆ ಪೊಲೀಸರು ಹಿಡೀತಾರೆ ಅಂದರು. ಹಿಡಿದರಲ್ಲ! ಮಾತಿಗೆ ತಪ್ಪಲಿಲ್ಲ.

ಇನ್ನೊಂದು ವಿಷಯ ಹೇಳಿಬಿಡ್ತೀನಿ, ಹೇಳದಿದ್ದರೆ ನನ್ನ ಹೆಂಡತಿ ಬಂದು ಹೇಳ್ತಾಳೆ. 2010ರಲ್ಲಿ ಇದು ನಿಂತಾಗ ನಾನು ಸಿಹಿ ಹಂಚುವುದೊಂದು ಬಾಕಿ. ಅದಕ್ಕೆ ಮುಂಚೆ ಒಂದು ಸಲ ವೈಪರ್ ಸರಿಯಿಲ್ಲ ಅಂತ ಫೇಲ್ ಮಾಡಿ ಕಳಿಸಿದ್ದರು, ಅರ್ಧ ದಿನ ರಜಾ ಹಾಕಿ ಮತ್ತೆ ಸಾಲಿನಲ್ಲಿ ನಿಂತಿದ್ದೆ, ಸಿಕ್ಕಸಿಕ್ಕವರ ಹತ್ತಿರ ಬೈಕೊಂಡು ತಿರುಗಿದ್ದೆ. "ನನ್ನ ಕಾರು ನನಗೆ ಗೊತ್ತಿಲ್ವಾ?" ಅಂತ ಕೇಳಿದ್ದೆ. ಗೊತ್ತಿರಲಿಲ್ಲ. ಯಾವನು ತನ್ನ ಕಾರಿನ ಬ್ರೇಕ್ ಲೈಟ್ ತಾನೇ ನೋಡಿಕೊಳ್ತಾನೆ? ಕಾಲು ಬ್ರೇಕ್ ಮೇಲೆ, ಕಣ್ಣು ಡಿಕ್ಕಿ ಹಿಂದೆ ಇಡೋಕೆ ಆಗುತ್ತಾ?

ಟಯರ್ ನೋಡಿಕೊಳ್ಳಬಹುದಿತ್ತು. ಒಪ್ಪಿದೆ. ಟಯರಿಗೆ ನೆಪ ಇಲ್ಲ.

ಇದನ್ನ ಓದಿ ಯಾರಾದರೂ ಜಾಣರು ಬರ್ತಾರೆ, ತಪಾಸಣೆಯಿಂದ ಅಪಘಾತ ಕಡಿಮೆ ಆಗುತ್ತೆ ಅನ್ನೋಕೆ ಪುರಾವೆ ಎಲ್ಲಿ ಅಂತ. ಗೊತ್ತು ಮಾರಾಯ್ರೇ. ಅಮೆರಿಕ ಸಂಸತ್ತಿನ ಲೆಕ್ಕಪರಿಶೋಧನಾ ಕಚೇರಿಯ 2015ರ ವರದಿಯಲ್ಲೇ ಇದೆ, ವಾಹನದ ಭಾಗ ಕೆಟ್ಟಿದ್ದು ಕಾರಣವಾಗುವ ಅಪಘಾತ ನೂರಕ್ಕೆ ಸುಮಾರು 2ರಿಂದ 7, ತಪಾಸಣೆಯಿಂದ ಎಷ್ಟು ತಪ್ಪುತ್ತೆ ಅಂತ ಖಚಿತವಾಗಿ ಹೇಳೋಕಾಗಲ್ಲ ಅಂತ. ಸರಿ, ವಾದಕ್ಕೆ ಒಪ್ಪಿದೆ. ಆದರೆ ಮಳೆಯಲ್ಲಿ ನುಣ್ಣಗಿನ ಟಯರ್ ಹಾಕಿಕೊಂಡು ಮೂರು ತಿಂಗಳಿಂದ ಮಗಳನ್ನ ಸ್ವಿಮ್ಮಿಂಗ್ ಕ್ಲಾಸಿಗೆ ಬಿಟ್ಟು ಬರ್ತಾ ಇದ್ದೆನಲ್ಲ, ಅದನ್ನ ನೆನೆಸಿಕೊಂಡರೆ ಹೊಟ್ಟೆಯಲ್ಲಿ ಏನೋ ಆಗುತ್ತೆ. ಆ 2ರಿಂದ 7ರಲ್ಲಿ ನಾನು ಇರ್ತಿದ್ದೆನೋ ಇಲ್ಲವೋ ಆ ವರದಿ ಹೇಳಲ್ಲ.

ನದಿ ದಾಟಿದರೆ ಪೆನ್ಸಿಲ್ವೇನಿಯಾ. ಅಲ್ಲಿ ಇವತ್ತಿಗೂ ವರ್ಷಕ್ಕೊಂದು ಸಲ ಗ್ಯಾರೇಜಿನವನು ಚಕ್ರ ಬಿಚ್ಚಿ ಬ್ರೇಕ್ ನೋಡ್ತಾನೆ. ಅಲ್ಲಿರುವ ನನ್ನ ಗೆಳೆಯ ಅದನ್ನ ಬೈತಾನೆ, ಇಲ್ಲದ ರಿಪೇರಿ ಹೇಳಿ ದುಡ್ಡು ಕೀಳ್ತಾರೆ ಅಂತ. ಕೀಳಲಿ ಬಿಡೋ ಅಂತ ಇವತ್ತು ಅವನಿಗೆ ಫೋನ್ ಮಾಡಿ ಹೇಳಿದೆ. ನಾಳೆ ನನಗೇ ಆ ಬಿಲ್ ಬಂದರೆ ಏನು ಹೇಳ್ತೀನೋ ದೇವರಿಗೇ ಗೊತ್ತು. ಇನ್ನು ಟೆಕ್ಸಾಸಿನವರ ಕಥೆ ಕೇಳಿ. 2025ರ ಜನವರಿ 1ರಿಂದ ಅಲ್ಲಿ ಸೇಫ್ಟಿ ಪರೀಕ್ಷೆ ತೆಗೆದರು, ಆದರೆ 7.50 ಡಾಲರ್ ಶುಲ್ಕ ತೆಗೆಯಲಿಲ್ಲ! ಪರೀಕ್ಷೆ ಬದಲಿಗೆ ಬಂದ ಶುಲ್ಕ ಅಂತ ಅದಕ್ಕೊಂದು ಹೆಸರು ಬೇರೆ. ಊಟ ಇಲ್ಲ, ಎಲೆಗೆ ಮಾತ್ರ ಕಾಸು.

ಯಾರಾದರೂ ಹೇಳಿ. ಇಲ್ಲಿ ತಪಾಸಣೆ ನಿಲ್ಲಿಸಿ ಉಳಿಸಿದ ದುಡ್ಡು ಎಲ್ಲಿಗೆ ಹೋಯಿತು? ಸರ್ಕಾರ ಒಂದು ಕೋಟಿ ಉಳಿಸಿತು, ಸರಿ. ಎಡಗಡೆ ಬಲ್ಬ್ ಹೋಗಿದೆ ಅಂತ ನನಗೆ ಹೇಳೋರು ಯಾರು? ಹಿಂದೆ ಬಂದು ಗುದ್ದುವವನಾ? ಹೊಗೆ ನೋಡೋಕೆ ಹೇಗೂ ಕಾರು ಅಲ್ಲೇ ನಿಂತಿರುತ್ತೆ, ಒಬ್ಬರು ಹಿಂದೆ ನಿಂತು ಬ್ರೇಕ್ ಒತ್ತಿ ಅಂದರೆ ಹತ್ತು ಸೆಕೆಂಡು. ಆ ಹತ್ತು ಸೆಕೆಂಡಿಗೆ ಎಷ್ಟು ಖರ್ಚಾಗುತ್ತೆ? ಪೊಲೀಸ್ ನನ್ನ ಹತ್ತಿರ ಐದಾರು ಸಲ ಒತ್ತಿಸಿದ್ದಕ್ಕೆ ಸಂಬಳ ಕೊಡಲ್ವಾ?

ಬಿಡಿ. ಯಾರೂ ಹೇಳಲ್ಲ. ಟಯರ್ ಶನಿವಾರ ಹಾಕಿಸ್ತೀನಿ, ನಾಲ್ಕೂ.

ಸಂಜೆ ಬಲ್ಬ್ ತಂದು ಹಾಕಿದೆ. ಹಳೇ ಬಲ್ಬ್ ಕೈಗೆ ಬಂದಾಗ ಗಾಜು ಹೊಗೆ ಹಿಡಿದು ಕಪ್ಪಾಗಿತ್ತು, ಒಳಗಿನ ತಂತಿ ತುಂಡಾಗಿ ಅಲ್ಲಾಡ್ತಾ ಇತ್ತು. ಎಷ್ಟು ದಿನದಿಂದ ಹಾಗಿತ್ತೋ. ಮಾವ ಸ್ವೆಟರ್ ಹಾಕಿಕೊಂಡು ಕಾರಿನ ಹಿಂದೆ ನಿಂತರು, ನಾನು ಒಳಗೆ ಕೂತೆ. "ಒತ್ತಿ" ಅಂದರು. ಒತ್ತಿದೆ. "ಎಡಗಡೆ ಬಂತು. ಬಿಡಿ. ಇನ್ನೊಂದು ಸಲ ಒತ್ತಿ."

ಮಧ್ಯದ್ದು ಇನ್ನೂ ಹತ್ತಿಲ್ಲ.